ಮಾತ್ರೆ ಜಾಸ್ತಿ ಮಾಡಿಸುವ ಮೊದಲು

ಪ್ರಾಡರ್-ವಿಲ್ಲಿ ಸಿಂಡ್ರೋಮ್ ಇರುವ ವಯಸ್ಕರ ಮನೆಯವರು ಬಂದಾಗಲೆಲ್ಲ ಇದೇ ಮಾತು: "ಸಿಟ್ಟು ತಡೆಯೋಕಾಗ್ತಿಲ್ಲ, ಮಾತ್ರೆ ಜಾಸ್ತಿ ಮಾಡಿಸಿ." ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಗೆ 27 ವರ್ಷ. ಅಪ್ಪನ ಕಡೆಯಿಂದ ಬರುವ 15ನೇ ಕ್ರೋಮೋಸೋಮಿನ ಒಂದು ಭಾಗದ ಜೀನ್‌ಗಳು ಕೆಲಸ ಮಾಡದೆ ಬರುವ ಕಾಯಿಲೆ ಇದು. ಎಷ್ಟು ತಿಂದರೂ ಹೊಟ್ಟೆ ತುಂಬಿತು ಅನ್ನಿಸುವುದಿಲ್ಲ. ಜೊತೆಗೆ ಹಠ, ರಂಪ, ಚರ್ಮ ಕೆರೆದು ಗಾಯ ಮಾಡಿಕೊಳ್ಳುವುದು. ಸಿಟ್ಟು, ರಂಪ ತಗ್ಗಿಸಲು ಕೊಡುವ ರಿಸ್ಪೆರಿಡೋನ್ ಮಾತ್ರೆ ಆಗಲೇ ನಡೀತಿತ್ತು. ಅದು ಕೆಲವರ ಸಿಟ್ಟು ಇಳಿಸುತ್ತೆ ನಿಜ, ಆದರೆ ತೂಕವನ್ನೂ ರಕ್ತದ ಸಕ್ಕರೆಯನ್ನೂ ಏರಿಸಬಹುದು, ಮೊದಲೇ ತೂಕದ ಜೊತೆ ಗುದ್ದಾಡುತ್ತಿರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಅವತ್ತು ಅಮ್ಮ ಮಾತಾಡುತ್ತಿದ್ದರು, ಆಕೆ ಪಕ್ಕದಲ್ಲಿ ಕೂತು ಮುಂಗೈ ಕೆರೆಯುತ್ತಿದ್ದಳು. ಅಡುಗೆಮನೆಗೆ ಬೀಗ ಹಾಕ್ತೀರಾ ಅಂತ ಕೇಳಿದೆ.

"ಅಯ್ಯೋ, ಹೆತ್ತ ಮಗಳನ್ನ ಕಳ್ಳಿ ಥರ ನೋಡೋಕಾಗುತ್ತಾ?"

ಕೆರೆಯುತ್ತಿದ್ದ ಬೆರಳು ನಿಂತಿತು. "ಬೀಗ ಹಾಕಮ್ಮ. ಬಾಗಿಲು ತೆಗೆದಿದ್ರೆ ಇಡೀ ದಿನ ನನ್ನ ತಲೆ ಅಲ್ಲೇ ಇರುತ್ತೆ."

ಅಮ್ಮ ಸುಮ್ಮನಾದರು. ಒಂದು ದಿನ ಕಾಡಿದರೆ ಕೊಡುವುದು, ಇನ್ನೊಂದು ದಿನ ಬೈಯುವುದು, ಊಟ ಎಷ್ಟು ಹೊತ್ತಿಗೋ ಏನೋ. ಆಕೆಯ ಅರ್ಧ ರಂಪ ಹುಟ್ಟುತ್ತಿದ್ದದ್ದು ಈ ಗೊಂದಲದಲ್ಲೇ.

ನಾನು ಹೇಳಿದ್ದು ಇಷ್ಟು. ಬೀಗ ಹಾಕಿ. ಊಟದ ಹೊತ್ತು, ಅಳತೆ ಬರೆದು ಗೋಡೆಗೆ ಅಂಟಿಸಿ, ಯಾರು ಕಾಡಿದರೂ ಬದಲಿಸಬೇಡಿ. ಆಮೇಲೆ ಮನೋವೈದ್ಯರ ಹತ್ತಿರ ಡೋಸ್ ಮಾತು. ಇರುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಬೀಗ ಅಮಾನವೀಯ ಅಂತ ನನ್ನನ್ನು ಬೈದವರಿದ್ದಾರೆ. ಆಕೆಯೇ ಕೇಳಿದ ನೆಮ್ಮದಿಯನ್ನು ಕೊಡದೆ, ಮಂಪರು ಬರಿಸುವ ಡೋಸ್ ಕೊಡುವುದು ಮಾನವೀಯವಾ? ಹಾಗಂತ ನಾನು ಔಷಧಿಯ ವಿರೋಧಿ ಅಲ್ಲ. 2025ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಯ ಅತಿಹಸಿವಿಗೆ ಅಂತಲೇ ಡಯಾಜಾಕ್ಸೈಡ್ ಕೋಲಿನ್ ಅನ್ನೋ ಔಷಧಿಗೆ ಒಪ್ಪಿಗೆ ಸಿಕ್ಕಿದಾಗ ನನಗೂ ಖುಷಿಯಾಯಿತು. ಆದರೆ ಅದು ಬಂದರೂ ಊಟದ ಮೇಲೆ ನಿಗಾ ಇಡೋದು ತಪ್ಪಿದ್ದಲ್ಲ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಇದ್ದಕ್ಕಿದ್ದಂತೆ ನಿದ್ದೆ ಬಾರದಾದರೆ, ಇಲ್ಲದ ದನಿ ಕೇಳಿಸತೊಡಗಿದರೆ, ಅದು ಹಠ ಅಲ್ಲ, ಸೈಕೋಸಿಸ್, ಅಂದರೆ ವಾಸ್ತವದ ಅರಿವು ತಪ್ಪುವ ಮನೋರೋಗ ಇರಬಹುದು. 15ನೇ ಕ್ರೋಮೋಸೋಮ್ ಎರಡೂ ಅಮ್ಮನಿಂದಲೇ ಬಂದವರಲ್ಲಿ ಇದರ ಸಾಧ್ಯತೆ ಜಾಸ್ತಿ. ಆಗ ಮಾತ್ರೆ ಬೇಕೇ ಬೇಕು. ಜೆನೆಟಿಕ್ ರಿಪೋರ್ಟ್ ತಗೊಂಡು ತಕ್ಷಣ ಮನೋವೈದ್ಯರ ಹತ್ತಿರ ಹೋಗಿ.