ಲುಸಿಯಾ ಕಿರೀಟ: ಪದ ಎಲ್ಲಿಂದ ಬಂತು, ಯಾವುದನ್ನು ಕೊಳ್ಳಬೇಕು

ಸ್ವೀಡನ್ನಿನಲ್ಲಿ ಮಗಳ ಶಿಶುವಿಹಾರದಿಂದ ಡಿಸೆಂಬರ್ 13ರ ಲುಸಿಯಾ ಹಬ್ಬಕ್ಕೆ 'ಲುಸಿಯಾಕ್ರೂನಾ', ಅಂದರೆ ದೀಪದ ಕಿರೀಟ, ತರಲು ಚೀಟಿ ಬಂದಿದೆ, ಹುಡುಕಿದರೆ ಬರೀ ತೂಗುದೀಪಗಳೇ ಬರುತ್ತಿವೆ, ಈ ಪದವಾದರೂ ಎಲ್ಲಿಯದು ಎಂದು ಕೇಳಿದ್ದೀರಿ.

ನೀವು 'ಯೂಸ್‌ಕ್ರೂನಾ' ಎಂದು ಹುಡುಕಿರುತ್ತೀರಿ. ಸ್ವೀಡಿಷ್‌ನಲ್ಲಿ 'ಯೂಸ್' ಎಂದರೆ ಬೆಳಕೂ ಹೌದು, ಮೇಣದಬತ್ತಿಯೂ ಹೌದು. ಆದರೆ ಆ ಜೋಡುಪದಕ್ಕೆ ಇಲ್ಲಿ ಛಾವಣಿಯ ತೂಗುದೀಪ ಎಂದೇ ಅರ್ಥ. ತಲೆಗೆ ಇಡುವುದು ಲುಸಿಯಾಕ್ರೂನಾ.

'ಕ್ರೂನಾ' ಲ್ಯಾಟಿನ್‌ನ 'ಕೊರೋನಾ'ದಿಂದ ಬಂದದ್ದು. ಹೌದು, ವೈರಸ್ಸಿಗೆ ಇಟ್ಟದ್ದೂ ಅದೇ ಹೆಸರು. ಲ್ಯಾಟಿನ್‌ನಲ್ಲಿ ಅದು ಮುಡಿಯುವ ಎಲೆ-ಹೂವಿನ ದಂಡೆಯೂ ಹೌದು, ರಾಜರ ಕಿರೀಟವೂ ಹೌದು. ಲುಸಿಯಾಕ್ರೂನಾಕ್ಕೆ ಇವತ್ತಿಗೂ ಲಿಂಗಾನ್ ಹಣ್ಣಿನ ಗಿಡದ ಹಸಿರು ಕಡ್ಡಿ ಸುತ್ತುವುದರಿಂದ ದಂಡೆ ಎಂಬ ಅರ್ಥವೇ ಹೆಚ್ಚು ಒಪ್ಪುತ್ತದೆ. 1873ರಲ್ಲಿ ಸ್ವೀಡನ್ನಿನ ನಾಣ್ಯಕ್ಕೂ ಕ್ರೂನಾ ಎಂದೇ ಹೆಸರಿಟ್ಟರು.

ಲುಸಿಯಾ ಸಿಸಿಲಿಯ ಸಿರಕ್ಯೂಸ್‌ನ ಕ್ರೈಸ್ತ ಸಂತ ಸ್ತ್ರೀ, 304ರಲ್ಲಿ ಹತಳಾದಳೆಂದು ಪ್ರತೀತಿ. ಹೆಸರಿನ ಬೇರು ಲ್ಯಾಟಿನ್‌ನ 'ಲುಕ್ಸ್', ಬೆಳಕು. ಹಳೆಯ ಜೂಲಿಯನ್ ಪಂಚಾಂಗದಲ್ಲಿ, 14ನೇ ಶತಮಾನದ ಹೊತ್ತಿಗೆ, ವರ್ಷದ ಅತಿ ದೀರ್ಘ ರಾತ್ರಿ ಬೀಳುತ್ತಿದ್ದುದು ಡಿಸೆಂಬರ್ 13ರ ಸುಮಾರಿಗೆ. 1753ರಲ್ಲಿ ಸ್ವೀಡನ್ ಪಂಚಾಂಗ ಬದಲಿಸಿದರೂ ಹಬ್ಬ ಹಳೆಯ ತಾರೀಖಿನಲ್ಲೇ ಉಳಿಯಿತು. ಬಿಳಿ ಉಡುಪು ತೊಟ್ಟ ಲುಸಿಯಾ ವೇಷದ ಮೊದಲ ದಾಖಲೆ 1764ರಲ್ಲಿ ವೆಸ್ಟರ್‌ಯೋಟ್‌ಲಾಂಡ್ ಪ್ರಾಂತ್ಯದ ಜಮೀನುದಾರರ ಮನೆಯೊಂದರದು. ಅದು ಊರೂರಿನ ಮೆರವಣಿಗೆಯಾದದ್ದು ಬಹುಮಟ್ಟಿಗೆ 1927ರಲ್ಲಿ ಸ್ಟಾಕ್‌ಹೋಮಿನ ಪತ್ರಿಕೆಯೊಂದು ಲುಸಿಯಾಳನ್ನು ಆರಿಸುವ ಸ್ಪರ್ಧೆ ಏರ್ಪಡಿಸಿದ ಮೇಲೆ. 'ಪ್ರಾಚೀನ ವೈಕಿಂಗ್ ಆಚರಣೆ' ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಿ.

ಇನ್ನು ಖರೀದಿ. ಮಕ್ಕಳಿಗೆ ಬ್ಯಾಟರಿಯದೇ ಸಾಕು. ಬ್ಯಾಟರಿ ಮುಚ್ಚಳಕ್ಕೆ ಸಾಮಾನ್ಯವಾಗಿ ಸಣ್ಣ ಸ್ಕ್ರೂ ಇರುತ್ತದೆ, ಹಿಂದಿನ ರಾತ್ರಿಯೇ ಮುಚ್ಚಳ ತೆಗೆದು ಬ್ಯಾಟರಿ ಹಾಕಿ ಉರಿಸಿ ನೋಡಿ. ಕಿರೀಟ ಸಡಿಲವಾದರೆ ಮಗು ತಲೆ ಬಗ್ಗಿಸಿದೊಡನೆ ಜಾರಿ ಮೂಗಿಗೆ ಬರುತ್ತದೆ. ಒಳಗೆ ಬಟ್ಟೆಪಟ್ಟಿ ಸುತ್ತಿ, ಎರಡೂ ಬದಿಗೆ ಹೇರ್‌ಪಿನ್ ಸಿಕ್ಕಿಸಿ. ದೊಡ್ಡ ಹುಡುಗಿಯರು ನಿಜವಾದ ಮೇಣದಬತ್ತಿಯದನ್ನು ಇಡುವಾಗ ಕೆಳಗೆ ಒದ್ದೆಬಟ್ಟೆ ಹಾಸುತ್ತಾರೆ. ಇಲ್ಲದಿದ್ದರೆ ಕರಗಿದ ಮೇಣ ಕೂದಲಿಗಿಳಿಯುತ್ತದೆ, ನೆತ್ತಿಯೂ ಸುಡುತ್ತದೆ. ಒದ್ದೆ ಟವೆಲ್ ಹಿಡಿದವರೊಬ್ಬರು ಪಕ್ಕದಲ್ಲೇ ಇರಬೇಕು.

ಕೊಳ್ಳುವ ಮೊದಲು ಟೀಚರನ್ನು ಒಂದು ಮಾತು ಕೇಳಿ. ಮಗಳು ಲುಸಿಯಾಳ ಸಖಿ, ಅಂದರೆ 'ಟ್ಯಾರ್ನಾ' ಆಗಿದ್ದರೆ ತಲೆಗೂ ಸೊಂಟಕ್ಕೂ ಮಿನುಗುದಾರ, ಕೈಗೊಂದು ಬ್ಯಾಟರಿ ಬತ್ತಿ, ಅಷ್ಟೇ. ಕಿರೀಟ ಬೇಕೇ ಬೇಕಾದರೆ ನವೆಂಬರ್‌ನಲ್ಲೇ ತನ್ನಿ.