ಮಾಧ್ಯಮಿಕ ತರಗತಿಯ ಮಕ್ಕಳಿಗೆ ಕಾದಂಬರಿ ಓದಿಸಿ ಇತಿಹಾಸ ಕಲಿಸಬಹುದಾ? ಕಟ್ಟುಕಥೆಯನ್ನೇ ನಿಜ ಅಂದುಕೊಳ್ಳಲ್ವಾ?

ಖಂಡಿತ ಕಲಿಸಬಹುದು. ನಿಮ್ಮ ಭಯ ಸರಿಯಾದದ್ದೇ, ಆದರೆ ಪಾಠ ಶುರುವಾಗುವುದೇ ಅಲ್ಲಿಂದ.

ಲೋಯಿಸ್ ಲೌರಿಯವರ ‘ನಂಬರ್ ದ ಸ್ಟಾರ್ಸ್’ ತೆಗೆದುಕೊಳ್ಳಿ. 1943ರ ಡೆನ್ಮಾರ್ಕ್, ನಾಜಿಗಳ ಹಿಡಿತದಲ್ಲಿದೆ. ರಾತ್ರಿ ಸೈನಿಕರು ಯಹೂದಿಗಳನ್ನು ಹುಡುಕುತ್ತಾ ಮನೆಗೆ ನುಗ್ಗುತ್ತಾರೆ. ಹತ್ತು ವರ್ಷದ ಆನ್‌ಮರಿ ತನ್ನ ಯಹೂದಿ ಗೆಳತಿಯ ಕೊರಳಿನಿಂದ, ಯಹೂದಿಗಳ ಗುರುತಾದ ನಕ್ಷತ್ರವಿರುವ ಸರ ಕಿತ್ತು ಮುಷ್ಟಿಯಲ್ಲಿ ಬಚ್ಚಿಡುತ್ತಾಳೆ. ಅವರು ಹೋದ ಮೇಲೆ ನೋಡಿದರೆ, ಅಂಗೈಯಲ್ಲಿ ನಕ್ಷತ್ರದ ಅಚ್ಚು! ಮಕ್ಕಳು ಇಸವಿ ಮರೆತಾರು, ಈ ಅಂಗೈ ಮರೆಯುವುದಿಲ್ಲ.

ಓದಿ ಮುಗಿದ ಮೇಲೆ ಕೇಳಿ: ಇದರಲ್ಲಿ ನಡೆದದ್ದು ಯಾವುದು, ಕಲ್ಪನೆ ಯಾವುದು? ಆನ್‌ಮರಿ ಕಲ್ಪನೆ. ಆದರೆ ಯಹೂದಿಗಳು ಅಡಗಿ ಪಾರಾಗುತ್ತಿದ್ದ ದೋಣಿಗಳನ್ನು ಮೂಸಿ ಹುಡುಕುವ ನಾಜಿಗಳ ನಾಯಿಗಳ ಮೂಗನ್ನು ಮಂಕು ಮಾಡಲು ಕರವಸ್ತ್ರಕ್ಕೆ ಮೊಲದ ಒಣಗಿದ ರಕ್ತ, ಕೊಕೇನ್ ಹಾಕುತ್ತಿದ್ದದ್ದು ನಿಜ. ಕೇಳಿದರೆ ಇದೇ ಸುಳ್ಳು ಅನಿಸುತ್ತದೆ, ಅಲ್ವಾ? ಸುಮ್ನೆ ಉತ್ತರ ಹೇಳಿಬಿಡಬೇಡಿ. ಪಠ್ಯಪುಸ್ತಕ, ಹಳೆಯ ಫೋಟೋ, ನಕ್ಷೆ ಕೊಡಿ, ಅವರೇ ಹುಡುಕಲಿ. ಸುಮಾರು 7,000 ಯಹೂದಿಗಳು ದೋಣಿಗಳಲ್ಲಿ ಸ್ವೀಡನ್ ಸೇರಿದ್ದು ಹೇಗೆ ಅಂತ ನಕ್ಷೆಯೇ ಹೇಳುತ್ತದೆ. ನಡುವಿನ ಸಮುದ್ರ ಒಂದು ಕಡೆ ಬರೀ 4 ಕಿ.ಮೀ. ಅಗಲ.

ಪುಸ್ತಕ ಆರಿಸುವಾಗ ಕೊನೆಯಲ್ಲಿ ಲೇಖಕರ ಟಿಪ್ಪಣಿ ಇದೆಯಾ ನೋಡಿ. ಈ ಹುಡುಕಾಟಕ್ಕೆ ಅದು ತುಂಬಾ ಸಹಾಯ.