ಓದುಗರ ಪ್ರಶ್ನೆ, ಹಡಗಿನವನ ಉತ್ತರ: ಬ್ರಿಜ್‌ಟೌನ್‌ನಲ್ಲಿ ಒಂದು ಹಗಲು

ಪ್ರಶ್ನೆ: ನಮಸ್ಕಾರ ಸರ್. ನಾನು ನಿವೃತ್ತ ಶಿಕ್ಷಕಿ. ಅಮೆರಿಕದಲ್ಲಿರುವ ಮಗಳು ಜನವರಿಯಲ್ಲಿ ನನ್ನನ್ನೂ ನಮ್ಮ ಯಜಮಾನರನ್ನೂ ಕೆರಿಬಿಯನ್ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಿದ್ದಾಳೆ. ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ಹಡಗು ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತದಂತೆ. ಹಡಗಿನವರ ಬೀಚ್ ಪ್ಯಾಕೇಜ್ ತುಂಬಾ ದುಬಾರಿ. ನಾವೇ ಹೋಗಬಹುದಾ? ಬೀಚುಗಳೆಲ್ಲ ಹೋಟೆಲಿನವರದ್ದು, ಹೊರಗಿನವರನ್ನು ಬಿಡುವುದಿಲ್ಲ ಅಂತ ಯಾರೋ ಹೇಳಿದರು. ನನಗೆ ಮಂಡಿನೋವು, ಈಜು ಬರುವುದಿಲ್ಲ.
— ಓದುಗರು, ಮೈಸೂರು

ಉತ್ತರ: ಧಾರಾಳವಾಗಿ ಹೋಗಿ ಮೇಡಂ. ನಿಮಗೆ ಯಾರೋ ಹೇಳಿದ ಮಾತು ನಿಜವಲ್ಲ. ಬಾರ್ಬಡೋಸ್‌ನಲ್ಲಿ ಬೀಚುಗಳೆಲ್ಲ ಸಾರ್ವಜನಿಕ. ಎಷ್ಟೇ ದೊಡ್ಡ ಹೋಟೆಲ್ ಇರಲಿ, ಅದರ ಮುಂದಿನ ಮರಳಿನ ಮೇಲೆ ನೀವು ಟವೆಲ್ ಹಾಸಿ ಕೂತುಕೊಳ್ಳಬಹುದು. ಹೋಟೆಲಿನ ಕುರ್ಚಿ, ಕೊಡೆ ಮಾತ್ರ ಅವರದ್ದು. ಅಲ್ಲಿನ ಜನ ಈ ಹಕ್ಕಿನ ವಿಷಯದಲ್ಲಿ ಬಹಳ ಎಚ್ಚರ. ರಸ್ತೆಯಿಂದ ಸಮುದ್ರಕ್ಕೆ ಇಳಿಯುವ ಕಾಲುದಾರಿಯನ್ನು ಯಾರಾದರೂ ಮುಚ್ಚಲು ಹೊರಟರೆ ಸುಮ್ಮನೆ ಕೂರುವುದಿಲ್ಲ. ನಾನು ಕುಂದಾಪುರದ ಕಡೆಯವನು. ಕಡಲು ಎಲ್ಲರದ್ದು ಎಂದು ನಂಬಿ ಬೆಳೆದವನು. ಕ್ರೂಸ್ ಹಡಗಿನ ಅಡುಗೆಮನೆಯಲ್ಲಿದ್ದಾಗ ನಮಗೆ ಸಿಗುತ್ತಿದ್ದ ಬಿಡುವು ಕೆಲವೇ ಗಂಟೆಗಳದ್ದು. ಬ್ರಿಜ್‌ಟೌನ್ ಬಂತೆಂದರೆ ಆ ಗಂಟೆಗಳನ್ನು ನಾನು ಬೇರೆಲ್ಲೂ ಕಳೆಯುತ್ತಿರಲಿಲ್ಲ. ಹೋಗುತ್ತಿದ್ದದ್ದು ಕಾರ್ಲೈಲ್ ಕೊಲ್ಲಿಯ ಬ್ರೌನ್ಸ್ ಬೀಚಿಗೆ. ನಿಮಗೂ ಅದನ್ನೇ ಹೇಳುತ್ತೇನೆ.

ಯಾಕೆ ಅಂದರೆ, ಅದು ದ್ವೀಪದ ಪಶ್ಚಿಮ ಮಗ್ಗುಲಿನಲ್ಲಿದೆ. ಕೊಲ್ಲಿ ಒಳಕ್ಕೆ ಬಾಗಿದೆ. ಹೆಚ್ಚಿನ ದಿನಗಳಲ್ಲಿ ಅಲೆ ಅನ್ನುವುದೇ ಇರುವುದಿಲ್ಲ. ಈಜು ಬಾರದವರು ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತರೆ ತಮ್ಮ ಪಾದವನ್ನು ಸ್ಪಷ್ಟವಾಗಿ ನೋಡಬಹುದು. ಲೈಫ್‌ಗಾರ್ಡ್‌ಗಳಿರುತ್ತಾರೆ, ಅವರಿರುವ ಕಡೆಯಲ್ಲೇ ನೀರಿಗೆ ಇಳಿಯಿರಿ. ಕುರ್ಚಿ, ಕೊಡೆ ಬಾಡಿಗೆಗೆ ಸಿಗುತ್ತವೆ. ಮಂಡಿನೋವಿದ್ದವರು ಮರಳಿನ ಮೇಲೆ ಕೂತು ಏಳುವ ಕಷ್ಟ ಪಡಬೇಡಿ, ಆ ದುಡ್ಡು ದಂಡವಲ್ಲ.

ನನ್ನ ಸಲಹೆ: ಮೊದಲು ಬೀಚು, ಆಮೇಲೆ ಊರು. ಬೇಗ ತಿಂಡಿ ಮುಗಿಸಿ, ಬಂದರಿನ ಹೊರಗೆ ಟ್ಯಾಕ್ಸಿ ಹಿಡಿದು ನೇರ ಬ್ರೌನ್ಸ್ ಬೀಚಿಗೆ ಹೋಗಿ. ಹತ್ತು ಗಂಟೆ ದಾಟಿದ ಮೇಲೆ ಹಡಗಿನವರ ಗುಂಪು ಬರಲು ಶುರುವಾಗುತ್ತದೆ. ಅಷ್ಟರೊಳಗೆ ಅಲ್ಲಿರುವವರು ಊರಿನವರೇ. ವಯಸ್ಸಾದವರು ಕತ್ತಿನವರೆಗೆ ನೀರಿನಲ್ಲಿ ನಿಂತು ಗಂಟೆಗಟ್ಟಲೆ ಮಾತಾಡುತ್ತಿರುತ್ತಾರೆ. ಅವರಿಗೆ ಅದು ದಿನದ ವ್ಯಾಯಾಮ, ಹರಟೆಕಟ್ಟೆ ಎರಡೂ. ಕೊಲ್ಲಿಯ ದಕ್ಷಿಣದ ತುದಿಗೆ ಪೆಬಲ್ಸ್ ಬೀಚ್ ಇದೆ. ಹಿಂದೆ ಬ್ರಿಟಿಷ್ ಸೇನೆಯ ನೆಲೆಯಾಗಿದ್ದ ಗ್ಯಾರಿಸನ್‌ನ ಮೈದಾನದ ರೇಸು ಕುದುರೆಗಳನ್ನು ಮುಂಜಾವಿನಲ್ಲಿ ಅಲ್ಲಿಗೆ ತಂದು ಸಮುದ್ರದಲ್ಲಿ ಮೀಯಿಸುತ್ತಾರೆ. ನಿಮ್ಮ ಹಡಗು ಬರುವ ಹೊತ್ತಿಗೆ ಅದು ಮುಗಿದಿರುತ್ತದೆ. ಒಂದು ರಾತ್ರಿ ತಂಗುವವರು ಮಾತ್ರ ತಪ್ಪಿಸಿಕೊಳ್ಳಬೇಡಿ.

ಟ್ಯಾಕ್ಸಿಗೆ ಮೀಟರ್ ಇಲ್ಲ. ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ಅದಕ್ಕಿಂತ ಮುಖ್ಯ, ಅದು ಯಾವ ಡಾಲರ್ ಎಂದು ಕೇಳಿ. ಒಂದು ಅಮೆರಿಕನ್ ಡಾಲರಿಗೆ ಎರಡು ಬಾರ್ಬಡೋಸ್ ಡಾಲರ್. ಅಮೆರಿಕನ್ ನೋಟನ್ನು ಹೆಚ್ಚಿನ ಕಡೆ ತೆಗೆದುಕೊಳ್ಳುತ್ತಾರೆ, ಚಿಲ್ಲರೆ ಮಾತ್ರ ಅವರ ದುಡ್ಡಿನಲ್ಲಿ ಬರುತ್ತದೆ. ಕುರ್ಚಿ ಬಾಡಿಗೆಗೂ ಇದೇ ಪ್ರಶ್ನೆ ಕೇಳಿ.

ಬಿಸಿಲಿನ ಬಗ್ಗೆ ಹೇಳಬೇಕು. ಬ್ರಿಜ್‌ಟೌನ್ ಇರುವುದು ಹೆಚ್ಚುಕಡಿಮೆ ಬೆಂಗಳೂರು, ಮಂಗಳೂರಿನ ಅಕ್ಷಾಂಶದಲ್ಲೇ, 13 ಡಿಗ್ರಿ ಉತ್ತರದಲ್ಲಿ. ಗಾಳಿ ಬೀಸುತ್ತಲೇ ಇರುವುದರಿಂದ ಸೆಕೆ ಗೊತ್ತಾಗುವುದಿಲ್ಲ, ಚರ್ಮ ಸುಟ್ಟಿದ್ದು ರಾತ್ರಿ ಗೊತ್ತಾಗುತ್ತದೆ. ಟೋಪಿ ಇರಲಿ. ಕುಡಿಯಲು ನಲ್ಲಿ ನೀರೇ ಸಾಕು. ಮಳೆನೀರು ಹವಳದ ಸುಣ್ಣಕಲ್ಲಿನಲ್ಲಿ ಇಂಗಿ, ಸೋಸಿ ಬಂದ ಒಳ್ಳೆಯ ನೀರು ಅದು.

ಒಂದು ಮರದ ಬಗ್ಗೆ ನಿಜವಾಗಿಯೂ ಜಾಗ್ರತೆ ಬೇಕು. ಹೆಸರು ಮ್ಯಾಂಚಿನೀಲ್. ಕಡಲ ದಂಡೆಯಲ್ಲೇ ಬೆಳೆಯುತ್ತದೆ, ಸಣ್ಣ ಹಸಿರು ಸೇಬಿನಂಥ ಕಾಯಿ ಬಿಡುತ್ತದೆ. ಕಾಯಿ ವಿಷ, ಹಾಲು ತಾಗಿದರೆ ಚರ್ಮ ಬೊಬ್ಬೆ ಬರುತ್ತದೆ. ಮಳೆ ಬಂದಾಗ ಅದರ ಕೆಳಗೆ ನಿಂತರೆ ಎಲೆಯಿಂದ ಬೀಳುವ ಹನಿಯೂ ಸುಡುತ್ತದೆ. ಹಲವು ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಪಟ್ಟಿ ಕಂಡರೆ ದೂರ ಇರಿ. ಹಾಗೆಯೇ ಸೈನಿಕರ ಬಟ್ಟೆಯಂಥ ಹಸಿರು-ಕಂದು ಮಚ್ಚೆಯ ಟೀಶರ್ಟು, ಟೋಪಿ, ಬ್ಯಾಗು ಅಲ್ಲಿ ಕಾನೂನಿಗೆ ವಿರುದ್ಧ. ಮಕ್ಕಳಿಗೂ ಹಾಕಬಾರದು.

ಮಧ್ಯಾಹ್ನ ಊರಿಗೆ ಬನ್ನಿ. ಬೇ ಸ್ಟ್ರೀಟ್ ಹಿಡಿದು ನಡೆದರೆ ಹೆಚ್ಚು ದೂರವಿಲ್ಲ, ಮಂಡಿ ಒಪ್ಪದಿದ್ದರೆ ಬಸ್ಸಿದೆ. 2019ರಲ್ಲಿ ನಿಗದಿಯಾದ ಟಿಕೆಟ್ ದರ ಮೂರೂವರೆ ಬಾರ್ಬಡೋಸ್ ಡಾಲರ್. ಸ್ಟಾಪಿನ ಕಂಬದ ಮೇಲೆ ‘ಟು ಸಿಟಿ’ ಎಂದಿದ್ದರೆ ಊರಿಗೆ, ‘ಔಟ್ ಆಫ್ ಸಿಟಿ’ ಎಂದಿದ್ದರೆ ಹೊರಕ್ಕೆ. ಬಸ್ಸು ಹತ್ತಿದಾಗ, ಅಂಗಡಿಗೆ ಕಾಲಿಟ್ಟಾಗ ಮೊದಲು ‘ಗುಡ್ ಮಾರ್ನಿಂಗ್’ ಅನ್ನಿ. ಅಲ್ಲಿ ಇದು ದೊಡ್ಡ ಮರ್ಯಾದೆ. ನಮಸ್ಕಾರ ಹೇಳದೆ ನೇರ ಬೆಲೆ ಕೇಳಿದರೆ ಅವರ ಮುಖ ಸಣ್ಣಗಾಗುತ್ತದೆ. ಒದ್ದೆ ಈಜುಡುಗೆಯಲ್ಲಿ ಪೇಟೆ ಸುತ್ತುವುದೂ ಅವರಿಗೆ ಹಿಡಿಸುವುದಿಲ್ಲ. ನೀವು ಸೀರೆಯಲ್ಲೇ ಹೋಗಿ, ಚೆನ್ನಾಗಿರುತ್ತದೆ.

ಚೇಂಬರ್ಲೇನ್ ಸೇತುವೆ ದಾಟಿದರೆ ಹವಳಕಲ್ಲಿನ ಪಾರ್ಲಿಮೆಂಟ್ ಕಟ್ಟಡ ಎದುರಿಗೆ ಬರುತ್ತದೆ. ಕಟ್ಟಡ 1870ರ ದಶಕದ್ದು, ಆದರೆ ಸಭೆ 1639ರಿಂದ ಇದೆ. ಅದರ ಪಕ್ಕದ ಚೌಕದಲ್ಲಿ 1813ರಿಂದ ಇಂಗ್ಲಿಷ್ ನೌಕಾಧಿಪತಿ ನೆಲ್ಸನ್‌ನ ಪ್ರತಿಮೆ ನಿಂತಿತ್ತು. 2020ರ ನವೆಂಬರ್ 16ರಂದು ಅದನ್ನು ಇಳಿಸಿದರು. ಮುಂದಿನ ವರ್ಷ ನವೆಂಬರ್ 30ಕ್ಕೆ ಬಾರ್ಬಡೋಸ್ ಗಣರಾಜ್ಯವಾಯಿತು. ನೀವು ಶಿಕ್ಷಕಿ, ಆ ಚೌಕದಲ್ಲಿ ಐದು ನಿಮಿಷ ನಿಂತುಕೊಳ್ಳಿ. ಈ ಪುಟ್ಟ ದ್ವೀಪ ಸಕ್ಕರೆಗಾಗಿ ಆಫ್ರಿಕಾದಿಂದ ಹಿಡಿದು ತಂದ ಜನರ ಬೆವರಿನ ಮೇಲೆ ನಿಂತದ್ದು. ಅವರಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಕಬ್ಬು ಬೆಳೆಯುವ ನಾಡಿನಿಂದ ಹೋಗುವ ನಾವು ಬೀಚು ನೋಡಿ ಇದನ್ನು ನೋಡದೆ ಬಂದರೆ ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬ್ರಿಜ್‌ಟೌನ್ ಮತ್ತು ಗ್ಯಾರಿಸನ್ 2011ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿವೆ.

ಸಮಯ ಉಳಿದರೆ ನಿಧೆ ಇಸ್ರೇಲ್ ಎಂಬ ಯಹೂದಿ ಪ್ರಾರ್ಥನಾ ಮಂದಿರ ನೋಡಿ. 1654ರದ್ದು. 1831ರ ಚಂಡಮಾರುತದಲ್ಲಿ ಬಿದ್ದು ಮತ್ತೆ ಕಟ್ಟಿದ್ದಾರೆ. ಅಂಗಳದಲ್ಲಿ 2008ರಲ್ಲಿ ನೆಲ ಅಗೆದಾಗ 17ನೇ ಶತಮಾನದ ಸ್ನಾನದ ಕೊಳ ಸಿಕ್ಕಿತು. ಬ್ರಾಡ್ ಸ್ಟ್ರೀಟಿನ ಒಡವೆ, ವಾಚಿನ ಅಂಗಡಿಗಳು ಎಲ್ಲ ಬಂದರಿನಲ್ಲೂ ಇರುವಂಥವೇ. ಅದರ ಹಿಂದಿನ ಸ್ವಾನ್ ಸ್ಟ್ರೀಟಿಗೆ ಹೋಗಿ, ಊರಿನವರು ವ್ಯಾಪಾರ ಮಾಡುವುದು ಅಲ್ಲಿ.

ಪ್ರಶ್ನೆ: ಸರ್, ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನ ಬಂದರಿಗೆ ಹತ್ತಿರವಾ? ಮ್ಯಾಚ್ ಇಲ್ಲದ ದಿನ ನೋಡಲು ಏನಿದೆ?
— ಓದುಗರು, ಹಾಸನ

ಉತ್ತರ: ತುಂಬಾ ಹತ್ತಿರ, ನಡೆದೇ ಹೋಗಬಹುದು. ಹೊರಗೆ ವೆಸ್ಟ್ ಇಂಡೀಸ್‌ನ ಹಳೆಯ ಆಟಗಾರ ಗ್ಯಾರಿ ಸೋಬರ್ಸ್ ಪ್ರತಿಮೆ ಇದೆ. ಅವರು ಹುಟ್ಟಿದ ಬೇ ಲ್ಯಾಂಡ್ ಬಡಾವಣೆಯೂ ಇದೇ ಊರಿನದ್ದು. ಹತ್ತಿರದಲ್ಲೇ ಬಾರ್ಬಡೋಸ್ ಆಟಗಾರರ ಒಂದು ಕ್ರಿಕೆಟ್ ಮ್ಯೂಸಿಯಂ ಇದೆ, ಅದಕ್ಕೆ ಸಮಯ ಇಟ್ಟುಕೊಳ್ಳಿ.

ಕನ್ನಡಿಗರಿಗೆ ಈ ಮೈದಾನದಲ್ಲಿ ಬೇರೆಯೇ ಲೆಕ್ಕ ಇದೆ. 1997ರ ಮಾರ್ಚ್‌ನಲ್ಲಿ ಇಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್ ಗೆಲ್ಲಲು 120 ರನ್ ಬೇಕಿತ್ತು, ಭಾರತ 81ಕ್ಕೆ ಆಲೌಟ್. ಆ ತಂಡದಲ್ಲಿ ದ್ರಾವಿಡ್, ಕುಂಬ್ಳೆ, ವೆಂಕಟೇಶ್ ಪ್ರಸಾದ್ ಮೂವರೂ ಇದ್ದರು. ಮೊದಲ ಇನಿಂಗ್ಸ್‌ನಲ್ಲಿ ದ್ರಾವಿಡ್ 78 ಹೊಡೆದಿದ್ದರು. ಅದೇ ದ್ರಾವಿಡ್ 2024ರ ಜೂನ್ 29ರಂದು ಕೋಚ್ ಆಗಿ ಇಲ್ಲೇ ಟಿ20 ವಿಶ್ವಕಪ್ ಎತ್ತಿ ಕೂಗಿದರು. ದಕ್ಷಿಣ ಆಫ್ರಿಕಾ ವಿರುದ್ಧ 7 ರನ್ ಗೆಲುವು. ಅಷ್ಟು ಶಾಂತ ಮನುಷ್ಯ ಹಾಗೆ ಕೂಗಿದ್ದು ನೋಡಿ ನನಗೆ ಕಣ್ಣೀರು ಬಂತು.

ಇನ್ನೊಂದು ಹಳೆಯ ಕತೆ. 1962ರಲ್ಲಿ ಇಲ್ಲೇ ನಮ್ಮ ನಾಯಕ ನಾರಿ ಕಂಟ್ರಾಕ್ಟರ್ ತಲೆಗೆ ಚಾರ್ಲಿ ಗ್ರಿಫಿತ್ ಚೆಂಡು ಬಡಿದು ಪ್ರಾಣಕ್ಕೇ ಕುತ್ತು ಬಂದಿತ್ತು. ಆಗ ರಕ್ತ ಕೊಟ್ಟವರಲ್ಲಿ ವೆಸ್ಟ್ ಇಂಡೀಸ್ ನಾಯಕ ಫ್ರಾಂಕ್ ವೊರೆಲ್ ಒಬ್ಬರು. ಅವರೂ ಬಾರ್ಬಡೋಸ್‌ನವರೇ. ಭಾರತದವರು ಎಂದು ಗೊತ್ತಾದರೆ ಟ್ಯಾಕ್ಸಿಯವರು ಕ್ರಿಕೆಟ್ ಮಾತು ತೆಗೆಯುತ್ತಾರೆ. ನೀವು ವೊರೆಲ್ ಹೆಸರು ಹೇಳಿ ನೋಡಿ.

ಪ್ರಶ್ನೆ: ಅಣ್ಣಾ, ನಾವು ಸಸ್ಯಾಹಾರಿಗಳು. ಊರಲ್ಲಿ ತಿನ್ನಲು ಏನಾದರೂ ಸಿಗುತ್ತದಾ?
— ಓದುಗರು, ಶಿರಸಿ

ಉತ್ತರ: ಸಿಗುತ್ತದೆ ತಂಗಿ, ಆದರೆ ಬಾಯಿ ಬಿಟ್ಟು ಕೇಳಬೇಕು. ಅಲ್ಲಿ ಮೀನೇ ರಾಜ. ಅವರ ರಾಷ್ಟ್ರೀಯ ಊಟ ಎಂದರೆ ಕೂಕೂ ಮತ್ತು ಹಾರುಮೀನು. ಕೂಕೂ ಅಂದರೆ ಮೆಕ್ಕೆಜೋಳದ ಹಿಟ್ಟು, ಬೆಂಡೆಕಾಯಿ ಹಾಕಿ ತಿರುವಿದ ಮುದ್ದೆ. ಮೀನಿನ ಸಾರು ಬೇಡ ಎಂದು ಮೊದಲೇ ಹೇಳಿ. ಅನ್ನಕ್ಕೆ ಕಾಳು ಹಾಕಿ ಬೇಯಿಸುತ್ತಾರೆ, ಹೆಚ್ಚಾಗಿ ನಮ್ಮ ತೊಗರಿಕಾಳೇ. ಕೆಲವರು ಅದಕ್ಕೆ ಉಪ್ಪು ಹಾಕಿಟ್ಟ ಮಾಂಸದ ಚೂರು ಸೇರಿಸುತ್ತಾರೆ, ಕೇಳದೆ ತಿನ್ನಬೇಡಿ. ಆಲೂ-ಕಡಲೆ ರೊಟ್ಟಿ ಮಾರುವ ಅಂಗಡಿಗಳಿವೆ. ರಸ್ತಾಫಾರಿ ಎಂಬ ಧರ್ಮದವರ ‘ಐಟಲ್’ ಅಡುಗೆಯಲ್ಲಿ ಮಾಂಸ ಇರುವುದಿಲ್ಲ, ಆ ಹೆಸರು ಕಂಡಲ್ಲಿ ಒಳಗೆ ಹೋಗಿ.

ಜೀಗುಜ್ಜೆ ಸಿಕ್ಕರೆ ಬಿಡಬೇಡಿ. ಇಡೀ ಕಾಯಿಯನ್ನು ಕೆಂಡದಲ್ಲಿ ಸುಟ್ಟು, ಕರಿ ಸಿಪ್ಪೆ ಕೆತ್ತಿ, ಬೆಣ್ಣೆ ಹಚ್ಚಿ ಕೊಡುತ್ತಾರೆ. ನಾವು ಪಲ್ಯ, ಪೋಡಿ ಮಾಡಿಕೊಂಡು ತಿನ್ನುವ ಕಾಯಿಗೆ ಇಂಥ ರುಚಿಯಿದೆ ಎಂದು ನನಗೆ ಗೊತ್ತಾದದ್ದು ಅಲ್ಲೇ. ಮೇಲೆ ಅವರ ಹಳದಿ ಸಾಸಿವೆ-ಮೆಣಸಿನ ಸಾಸ್ ಹಾಕಿಕೊಳ್ಳಿ, ಒಂದೇ ಹನಿ. ಖಾರ ತಿನ್ನುವ ನಮಗೂ ಅದು ಜಾಸ್ತಿಯೇ.

ಪ್ರಶ್ನೆ: ಬಾತ್‌ಶೀಬಾ ಎಂಬ ಕಡಲತೀರದ ಫೋಟೋ ನೋಡಿದೆ. ಹಡಗು ನಿಂತ ದಿನವೇ ಅದನ್ನೂ ನೋಡಬಹುದಾ?
— ಓದುಗರು, ದಾವಣಗೆರೆ

ಉತ್ತರ: ನೋಡಬಹುದು. ದ್ವೀಪ ಉದ್ದಕ್ಕೆ 34 ಕಿಲೋಮೀಟರ್ ಅಷ್ಟೇ. ಟ್ಯಾಕ್ಸಿಯಲ್ಲಿ ಹೋಗಿ, ಅದೇ ಟ್ಯಾಕ್ಸಿಯನ್ನು ನಿಲ್ಲಿಸಿಕೊಂಡು ವಾಪಸ್ ಬನ್ನಿ. ಆದರೆ ಅದು ಅಟ್ಲಾಂಟಿಕ್ ಕಡೆಯ ದಂಡೆ. ಜೂನ್‌ನಲ್ಲಿ ಮಲ್ಪೆಯ ಕಡಲು ಹೇಗಿರುತ್ತದೋ ಹಾಗೆ ಅಬ್ಬರಿಸುತ್ತದೆ. ದೊಡ್ಡ ಬಂಡೆಗಳು, ನೊರೆ, ಗಾಳಿ, ಕಣ್ತುಂಬ ನೋಡಿ. ಈಜಲು ಮಾತ್ರ ಇಳಿಯಬೇಡಿ, ಒಳಸೆಳೆತ ಜೋರಾಗಿದೆ. ಈಜು ಬೇಕೆಂದರೆ ಕಾರ್ಲೈಲ್ ಕೊಲ್ಲಿಗೇ ಬನ್ನಿ. ಇನ್ನೊಂದು ವಿಷಯ. ಹಡಗಿನ ಗಡಿಯಾರವೂ ದ್ವೀಪದ ಗಡಿಯಾರವೂ ಕೆಲವೊಮ್ಮೆ ಒಂದು ಗಂಟೆ ಹಿಂದೆ ಮುಂದೆ ಇರುತ್ತವೆ, ಮೊಬೈಲ್ ದ್ವೀಪದ ಸಮಯ ತೋರಿಸುತ್ತದೆ. ಇಳಿಯುವ ಮೊದಲು ವಾಪಸ್ ಹತ್ತಬೇಕಾದ ಹೊತ್ತನ್ನು ಹಡಗಿನ ಸಮಯದಲ್ಲೇ ಕೇಳಿ ಬರೆದಿಟ್ಟುಕೊಳ್ಳಿ, ಅದಕ್ಕೆ ಒಂದು ಗಂಟೆ ಮೊದಲೇ ಬಂದರಿನಲ್ಲಿರಿ.